ಚಳಿಜ್ವರ ಬಿಟ್ಟುಹೋದ ಸಾಲ

ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಎಚ್.ಡಿ. ಕೋಟೆಯ ಹಾಡಿಗಳಲ್ಲಿ, ಕೊಡಗಿನ ತೋಟದ ಲೈನ್‌ಮನೆಗಳಲ್ಲಿ ಈಗ ಒಂದು ಹನಿ ರಕ್ತಕ್ಕೆ ಬೇಡಿಕೆ. ಬೆರಳ ತುದಿಗೆ ಸೂಜಿ ಚುಚ್ಚಿ, ಆ ಹನಿಯಲ್ಲಿ ಹುಡುಕುವುದು ಸಿಕಲ್ ಸೆಲ್ ಅನ್ನು. ಕನ್ನಡದಲ್ಲಿ ಕುಡುಗೋಲು ಕಣ ಕಾಯಿಲೆ ಅನ್ನುತ್ತಾರೆ. ದುಂಡಗಿರಬೇಕಾದ ಕೆಂಪು ರಕ್ತಕಣ ಬಾಗಿ ಕುಡುಗೋಲಿನ ಆಕಾರಕ್ಕೆ ಬರುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕೈಕಾಲು, ಬೆನ್ನು, ಎದೆ ಎಲ್ಲೆಂದರಲ್ಲಿ ತಡೆಯಲಾಗದ ನೋವು. ರಕ್ತ ಕಡಿಮೆ, ಸುಸ್ತು, ಕಣ್ಣು ಹಳದಿ.

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಈ ಕಾಯಿಲೆಯ ನಿರ್ಮೂಲನಾ ಮಿಷನ್ ಶುರು ಮಾಡಿತು. ಕರ್ನಾಟಕವೂ ಸೇರಿ 17 ರಾಜ್ಯಗಳು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ. ಗುರಿ 2047.

ಎಲ್ಲ ಸರಿ. ಆದರೆ ಒಂದು ಪ್ರಶ್ನೆಯನ್ನು ಯಾರೂ ಜಾಸ್ತಿ ಕೇಳುವುದಿಲ್ಲ. ಈ ಕಾಯಿಲೆ ಕಾಡಂಚಿನ ಜನರಲ್ಲೇ ಯಾಕೆ ಇಷ್ಟೊಂದು? ಸೋಲಿಗರು, ಜೇನು ಕುರುಬರು, ಯರವರು, ಪಣಿಯರಲ್ಲಿ ಕಾಣುವ ಈ ಜೀನ್ ಪಕ್ಕದ ಬಯಲುಸೀಮೆಯ ಊರುಗಳಲ್ಲಿ ಯಾಕೆ ಅಪರೂಪ?

ಸಾಮಾನ್ಯವಾಗಿ ಸಿಗುವ ಉತ್ತರ, "ಅವರು ಒಳಗೊಳಗೇ ಮದುವೆ ಆಗುತ್ತಾರಲ್ಲ, ಅದಕ್ಕೆ." ಇದು ಅರ್ಧ ಸತ್ಯ. ಅರ್ಧ ಸತ್ಯ ಅನ್ನುವುದಕ್ಕಿಂತ, ಬೇರೆ ಯಾವುದೋ ಪ್ರಶ್ನೆಗೆ ಕೊಟ್ಟ ಉತ್ತರ. ಅಕ್ಕನ ಮಗಳನ್ನು, ಸೋದರತ್ತೆ ಮಗಳನ್ನು ಮದುವೆಯಾಗುವುದು ಹಳೇ ಮೈಸೂರಿನ ಬಯಲಲ್ಲೂ ತಲೆತಲಾಂತರದಿಂದ ಇದೆ. ಅಲ್ಲಿ ಈ ಜೀನ್ ಜಾಸ್ತಿ ಆಗಿಲ್ಲ. ಒಳಮದುವೆ ಮಾಡುವುದು ಇಷ್ಟೇ: ಈಗಾಗಲೇ ಇರುವ ಜೀನ್ ಒಂದೇ ಮಗುವಿನಲ್ಲಿ ಜೋಡಿಯಾಗಿ ಸೇರುವ ಸಾಧ್ಯತೆ ಹೆಚ್ಚಿಸುತ್ತದೆ. ಜೀನ್ ಇಡೀ ಸಮುದಾಯದಲ್ಲಿ ಹರಡಿ ಸಾವಿರಾರು ವರ್ಷ ಉಳಿಯುವುದಕ್ಕೆ ಬೇರೆ ಕಾರಣ ಬೇಕು. ಇಷ್ಟು ಕೆಟ್ಟ ಕಾಯಿಲೆ ತರುವ ಜೀನ್, ಹಿಂದಿನ ಕಾಲದಲ್ಲಿ ಮಕ್ಕಳನ್ನು ದೊಡ್ಡವರಾಗಲು ಬಿಡದೆ ಕೊಲ್ಲುತ್ತಿದ್ದ ಜೀನ್, ತಾನಾಗಿಯೇ ಅಳಿದುಹೋಗಬೇಕಿತ್ತು. ಅಳಿಯಲಿಲ್ಲ. ಅದನ್ನು ಉಳಿಸಿದ್ದು ಸೊಳ್ಳೆ.

ಈ ಉತ್ತರಕ್ಕೆ ಬರುವ ಮೊದಲು ವಿಜ್ಞಾನ ಒಂದು ತಪ್ಪು ದಾರಿ ಹಿಡಿದಿತ್ತು. ಆ ದಾರಿ ನಮ್ಮ ಪಕ್ಕದ ನೀಲಗಿರಿಯ ಮೇಲೇ ಹಾದುಹೋಗುತ್ತದೆ. 1952ರಲ್ಲಿ ಹರ್ಮನ್ ಲೇಹ್ಮನ್ ಮತ್ತು ಮೇರಿ ಕಟ್‌ಬುಷ್ ಎಂಬ ಇಬ್ಬರು ವಿಜ್ಞಾನಿಗಳು ನೀಲಗಿರಿ ಸುತ್ತಿನ ಬುಡಕಟ್ಟುಗಳ ರಕ್ತ ಪರೀಕ್ಷೆಯ ವರದಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕಲ್ ಸೆಲ್ ಎಂದರೆ ಆಫ್ರಿಕಾ ಮೂಲದವರ ಕಾಯಿಲೆ ಎಂದೇ ನಂಬಿಕೆ. 1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಈ ಬಾಗಿದ ಕಣಗಳನ್ನು ಮೊದಲು ವರ್ಣಿಸಿದ್ದು ಕೆರಿಬಿಯನ್ ದ್ವೀಪದಿಂದ ಬಂದ ಒಬ್ಬ ಕಪ್ಪು ವಿದ್ಯಾರ್ಥಿಯ ರಕ್ತದಲ್ಲಿ. ಆಮೇಲಿನ 40 ವರ್ಷ ಎಲ್ಲರೂ ಅದನ್ನು 'ಜನಾಂಗದ ಗುರುತು' ಎಂದೇ ನೋಡಿದರು. ಈಗ ನೋಡಿದರೆ ಇರುಳರಲ್ಲಿ, ಕುರುಂಬರಲ್ಲಿ, ಪಣಿಯರಲ್ಲಿ ಅದೇ ಕಣ! ಲೇಹ್ಮನ್ ಇದಕ್ಕೆ ಕೊಟ್ಟ ವಿವರಣೆ ಆ ಕಾಲದ ಯೋಚನೆಗೆ ತಕ್ಕಂತೆಯೇ ಇತ್ತು. ಯಾವುದೋ ಪುರಾತನ ಜನಾಂಗ ಅರೇಬಿಯಾದಿಂದ ಒಂದು ಕಡೆ ಆಫ್ರಿಕಾಕ್ಕೂ ಇನ್ನೊಂದು ಕಡೆ ಭಾರತಕ್ಕೂ ಈ ಜೀನ್ ಹೊತ್ತು ಹೋಗಿರಬೇಕು ಎಂದು.

ಅಂದರೆ ನಕ್ಷೆ ಸಿಕ್ಕಿತ್ತು, ಅದನ್ನು ಓದುವುದು ಗೊತ್ತಿರಲಿಲ್ಲ. ಎತ್ತರದ ತಣ್ಣನೆ ಹುಲ್ಲುಗಾವಲಿನ ತೋಡರಲ್ಲಿ ಈ ಜೀನ್ ತೀರಾ ಕಡಿಮೆ, ಕೆಳಗಿನ ಇಳಿಜಾರಿನ ಕಾಡು ಮತ್ತು ವಯನಾಡಿನ ಕಡೆಯ ಜನರಲ್ಲಿ ಜಾಸ್ತಿ. ಆ ಇಳಿಜಾರಿನ ಕಾಡು ಯಾವುದಕ್ಕೆ ಹೆಸರುವಾಸಿ ಅಂತ ಆಗಿನ ಯಾವ ಕಾಫಿ ತೋಟದ ಮೇಸ್ತ್ರಿಯನ್ನು ಕೇಳಿದ್ದರೂ ಹೇಳುತ್ತಿದ್ದ. ಚಳಿಜ್ವರಕ್ಕೆ, ಅಂದರೆ ಮಲೇರಿಯಾಕ್ಕೆ.

ನಕ್ಷೆ ಓದಿದವನು ಆಂಟನಿ ಆಲಿಸನ್. ಕೆನ್ಯಾದಲ್ಲಿ ಬೆಳೆದವನು. 1949ರಲ್ಲಿ ಆಕ್ಸ್‌ಫರ್ಡ್‌ನ ವಿದ್ಯಾರ್ಥಿಯಾಗಿದ್ದಾಗ ಕೆನ್ಯಾ ಪರ್ವತಕ್ಕೆ ಹೊರಟ ತಂಡದ ಜೊತೆ ಹೋದ. ಬೇರೆಯವರು ಗಿಡ, ಹುಳ ಸಂಗ್ರಹಿಸುತ್ತಿದ್ದರೆ ಇವನು ಊರೂರಿನ ಜನರ ರಕ್ತ ಸಂಗ್ರಹಿಸಿದ. ಕರಾವಳಿಯಲ್ಲಿ, ವಿಕ್ಟೋರಿಯಾ ಸರೋವರದ ಸುತ್ತ 100 ಜನರಲ್ಲಿ 20ಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಕಲ್ ಜೀನ್. ನಡುವಿನ ಎತ್ತರದ ಒಣ ಪ್ರದೇಶದಲ್ಲಿ 100ಕ್ಕೆ ಒಬ್ಬರೂ ಇಲ್ಲ. ಬುಡಕಟ್ಟು ಯಾವುದು, ಭಾಷೆ ಯಾವುದು ಎನ್ನುವುದಕ್ಕಿಂತ ಸೊಳ್ಳೆ ಎಲ್ಲಿದೆ ಎನ್ನುವುದಕ್ಕೆ ಲೆಕ್ಕ ಸರಿಹೊಂದುತ್ತಿತ್ತು.

ನಾಲ್ಕು ವರ್ಷದ ನಂತರ ಅವನು ಉಗಾಂಡಾಕ್ಕೆ ಹೋಗಿ 290 ಮಕ್ಕಳ ರಕ್ತ ನೋಡಿದ. ಸಿಕಲ್ ಜೀನ್ ಇಲ್ಲದ 247 ಮಕ್ಕಳಲ್ಲಿ 113 ಮಂದಿಯ ರಕ್ತದಲ್ಲಿ ಮಲೇರಿಯಾ ಪರಾವಲಂಬಿ ಇತ್ತು. ಜೀನ್ ಇದ್ದ 43 ಮಕ್ಕಳಲ್ಲಿ 12 ಮಂದಿಯಲ್ಲಿ ಮಾತ್ರ. ಅವನಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. 30 ಮಂದಿ ಗಂಡಸರಿಗೆ ಬೇಕೆಂದೇ ಮಲೇರಿಯಾ ತಗುಲಿಸಿದ. ಜೀನ್ ಇಲ್ಲದ 15 ಜನರಲ್ಲಿ 14 ಮಂದಿಗೆ ಸೋಂಕು ಹಿಡಿಯಿತು, ಇದ್ದ 15ರಲ್ಲಿ ಇಬ್ಬರಿಗೆ ಮಾತ್ರ. ಇವತ್ತು ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ. ಈ ವಿಷಯದ ಇತಿಹಾಸದಲ್ಲಿ ಇಂಥವು ಇನ್ನೂ ಬರುತ್ತವೆ. 1954ರಲ್ಲಿ ಅವನ ಲೇಖನ ಪ್ರಕಟವಾಯಿತು. ನೀಲಗಿರಿ ವರದಿ ಬಂದು ಆಗಿದ್ದುದು ಎರಡೇ ವರ್ಷ.

ಇದೇ ಊಹೆಯನ್ನು ಥಲಸೇಮಿಯಾ ಕುರಿತು ಬ್ರಿಟಿಷ್ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಇನ್ನೂ ಮೊದಲೇ, 1940ರ ದಶಕದ ಕೊನೆಯಲ್ಲೇ ಮಾಡಿದ್ದರು. ಮೆಡಿಟರೇನಿಯನ್ ತೀರದಲ್ಲಿ ಈ ರಕ್ತದ ಕಾಯಿಲೆ ಅಷ್ಟೊಂದು ಇರುವುದಕ್ಕೆ ಮಲೇರಿಯಾ ಕಾರಣ ಇರಬಹುದು ಎಂದು. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತಾಗೆ ಬಂದರು, ಭಾರತದ ಪೌರರಾದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಮಲೇರಿಯಾ ಮತ್ತು ಸಿಕಲ್ ಸೆಲ್ ಎರಡೂ ಬೀಡುಬಿಟ್ಟ ಒಡಿಶಾದಲ್ಲೇ ಅವರ ಕೊನೆ ದಿನಗಳು ಕಳೆದವು.

ಈಗ ಲೆಕ್ಕಕ್ಕೆ ಬರೋಣ. ಇಡೀ ಕಥೆ ನಿಂತಿರುವುದು ಈ ಲೆಕ್ಕದ ಮೇಲೆ, ಅದಕ್ಕೆ ಸ್ವಲ್ಪ ತಾಳ್ಮೆ ಇರಲಿ. ನಮ್ಮೆಲ್ಲರಲ್ಲೂ ಹಿಮೋಗ್ಲೋಬಿನ್‌ನ ಈ ಜೀನ್‌ಗೆ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎರಡೂ ಮಾಮೂಲಿಯಾದರೆ ರಕ್ತ ಮಾಮೂಲಿ. ಒಂದು ಮಾತ್ರ ಸಿಕಲ್ ಆದರೆ ವಾಹಕರು. ಅವರಿಗೆ ಸಾಮಾನ್ಯವಾಗಿ ಕಾಯಿಲೆ ಇಲ್ಲ, ತೀವ್ರ ಮಲೇರಿಯಾದಿಂದ ಮಾತ್ರ ದೊಡ್ಡ ರಕ್ಷಣೆ. ಎರಡೂ ಸಿಕಲ್ ಆದರೆ ಕಾಯಿಲೆ.

ಒಂದು ಊರು ಕಲ್ಪಿಸಿಕೊಳ್ಳಿ. 1000 ಮಕ್ಕಳು ಹುಟ್ಟುತ್ತವೆ. ಅಂದರೆ ಜೀನ್‌ನ 2000 ಪ್ರತಿ. ಅದರಲ್ಲಿ ಹತ್ತನೇ ಒಂದು ಭಾಗ, 200 ಪ್ರತಿ ಸಿಕಲ್. ಜೋಡಿಗಳು ಯಾದೃಚ್ಛಿಕವಾಗಿ ಸೇರಿದರೆ 810 ಮಕ್ಕಳಲ್ಲಿ ಸಿಕಲ್ ಇಲ್ಲ, 180 ಮಕ್ಕಳು ವಾಹಕರು, 10 ಮಕ್ಕಳಿಗೆ ಕಾಯಿಲೆ. ಔಷಧಿ ಇಲ್ಲದ ಕಾಲ. ಆ 10 ಮಕ್ಕಳು ಉಳಿಯುವುದಿಲ್ಲ. ಆಮೇಲೆ ಮಲೇರಿಯಾ ಬರುತ್ತದೆ. ವಾಹಕ ಮಕ್ಕಳನ್ನು ಬಿಟ್ಟು, ಮಾಮೂಲಿ ರಕ್ತದ 810 ಮಕ್ಕಳಲ್ಲಿ ಒಂಬತ್ತಕ್ಕೆ ಒಂದರಂತೆ 90 ಮಕ್ಕಳನ್ನು ಒಯ್ಯುತ್ತದೆ. ಉಳಿದವರು 900. ಅವರಲ್ಲಿ ಜೀನ್‌ನ 1800 ಪ್ರತಿ, ಸಿಕಲ್ 180. ಮತ್ತೆ ಸರಿಯಾಗಿ ಹತ್ತನೇ ಒಂದು ಭಾಗ! ಮುಂದಿನ ತಲೆಮಾರಿನಲ್ಲೂ ಅದೇ, ಅದರ ಮುಂದೂ ಅದೇ. ತಕ್ಕಡಿಯ ಒಂದು ತಟ್ಟೆಯಲ್ಲಿ 10 ಮಕ್ಕಳ ಸಾವು, ಇನ್ನೊಂದರಲ್ಲಿ 90 ಮಕ್ಕಳ ಸಾವು. ಮುಳ್ಳು ಅಲ್ಲಾಡುವುದಿಲ್ಲ.

'ಮಲೇರಿಯಾ ನಿರೋಧಕ ಶಕ್ತಿ' ಎಂದು ಪತ್ರಿಕೆಗಳಲ್ಲಿ ಬರೆಯುವಾಗ ಏನೋ ವರ ಸಿಕ್ಕಂತೆ ಕೇಳಿಸುತ್ತದೆ. ನನಗೆ ಅದು ಸಾಲದ ಹಾಗೆ ಕಾಣುತ್ತದೆ. 180 ಮಕ್ಕಳು ಬದುಕಿದ್ದಕ್ಕೆ ಬಡ್ಡಿ ಕಟ್ಟಿದ್ದು ಬೇರೆ ಮನೆಯ 10 ಮಕ್ಕಳು. ಅಥವಾ ಅದೇ ಮನೆಯ ಇನ್ನೊಂದು ಮಗು.

ಆ ರಕ್ಷಣೆ ಎಷ್ಟು ದೊಡ್ಡದು? ಆಫ್ರಿಕಾದ ಮಕ್ಕಳಲ್ಲಿ ನಡೆದ ಅಧ್ಯಯನಗಳ ಪ್ರಕಾರ ವಾಹಕರಿಗೆ ಪ್ರಾಣಾಪಾಯದ ಮಲೇರಿಯಾ ಬರುವ ಸಾಧ್ಯತೆ ಶೇ 80ರಿಂದ 90ರಷ್ಟು ಕಡಿಮೆ. ಗಮನಿಸಿ, ಸೋಂಕೇ ತಗಲುವುದಿಲ್ಲ ಅಂತಲ್ಲ. ಸೊಳ್ಳೆ ಕಚ್ಚುತ್ತದೆ, ಪರಾವಲಂಬಿ ರಕ್ತಕ್ಕೆ ಇಳಿಯುತ್ತದೆ, ಜ್ವರವೂ ಬರಬಹುದು. ಸಾಯಿಸುವ ಮಟ್ಟಕ್ಕೆ ಅದು ಬೆಳೆಯಲು ಕಷ್ಟಪಡುತ್ತದೆ.

ಯಾಕೆ ಅನ್ನುವುದಕ್ಕೆ ಒಂದೇ ಕಾರಣ ಇಲ್ಲ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಸಿಡ್ ಬದಲು ವ್ಯಾಲಿನ್ ಕೂತಿರುತ್ತದೆ, ವ್ಯತ್ಯಾಸ ಅಷ್ಟೇ. 1950ರ ದಶಕದಲ್ಲಿ ವರ್ನನ್ ಇಂಗ್ರಾಮ್ ಇದನ್ನು ಪತ್ತೆ ಮಾಡಿದರು. ಆಮ್ಲಜನಕ ಕಡಿಮೆಯಾದಾಗ ಇಂಥ ಹಿಮೋಗ್ಲೋಬಿನ್ ಕಡ್ಡಿಕಡ್ಡಿಯಾಗಿ ಗಟ್ಟಿಯಾಗುತ್ತದೆ. ಪರಾವಲಂಬಿ ಹೊಕ್ಕ ಕಣ ಬೇಗ ಬಾಗುತ್ತದೆ, ಗುಲ್ಮ (ಸ್ಪ್ಲೀನ್) ಅದನ್ನು ಗುರುತಿಸಿ ಸೋಸಿ ಹಾಕುತ್ತದೆ, ಒಳಗಿದ್ದ ಕಳ್ಳನೂ ಅದರ ಜೊತೆ ಹೋಗುತ್ತಾನೆ. ಇದು ಹಳೇ ವಿವರಣೆ. ಆಮೇಲೆ ಇನ್ನೂ ಗೊತ್ತಾಯಿತು. ಫಾಲ್ಸಿಪಾರಮ್ ಎಂಬ ಕೊಲೆಗಡುಕ ಜಾತಿಯ ಪರಾವಲಂಬಿ ತಾನು ಹೊಕ್ಕ ಕಣದ ಮೇಲ್ಮೈಯಲ್ಲಿ ಅಂಟಿನಂಥ ಪ್ರೋಟೀನ್ ಹೊರಚಾಚುತ್ತದೆ. ಆ ಅಂಟಿನಿಂದ ಕಣ ರಕ್ತನಾಳದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಮಿದುಳಿನಲ್ಲಿ ಹೀಗಾದಾಗಲೇ ಮಗು ಪ್ರಜ್ಞೆ ತಪ್ಪುವುದು. ವಾಹಕರ ಕಣಗಳಲ್ಲಿ ಈ ಅಂಟು ಸರಿಯಾಗಿ ಮೇಲಕ್ಕೆ ಬರುವುದೇ ಇಲ್ಲ.

ಮಲೇರಿಯಾ ಮನುಷ್ಯನ ರಕ್ತವನ್ನು ತಿದ್ದಿದಷ್ಟು ಬೇರೆ ಯಾವ ಕಾಯಿಲೆಯೂ ತಿದ್ದಿರಲಿಕ್ಕಿಲ್ಲ. ಬೇರೆ ಬೇರೆ ಕಡೆ ಬೇರೆ ಬೇರೆ ತಿದ್ದುಪಡಿ. ಬುರ್ಕಿನಾ ಫಾಸೋ ಸುತ್ತ ಹಿಮೋಗ್ಲೋಬಿನ್ ಸಿ. ಅಸ್ಸಾಂನಿಂದ ಹಿಡಿದು ಕಾಂಬೋಡಿಯಾವರೆಗೆ ಹಿಮೋಗ್ಲೋಬಿನ್ ಇ. ಪಪುವಾ ನ್ಯೂಗಿನಿಯಲ್ಲಿ ರಕ್ತಕಣವೇ ಮೊಟ್ಟೆಯಾಕಾರಕ್ಕೆ ತಿರುಗುವ ಒಂದು ಬದಲಾವಣೆ. ಅದು ಜೋಡಿಯಾಗಿ ಬಂದರೆ ಮಗು ಹುಟ್ಟುವ ಮೊದಲೇ ಸಾಯುತ್ತದೆ. ಒ ರಕ್ತಗುಂಪಿನವರಿಗೂ ತೀವ್ರ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಇದೆ, ಅವರಲ್ಲಿ ಸೋಂಕಿತ ಕಣಗಳು ಗುಂಪುಗಟ್ಟುವುದು ಕಡಿಮೆ. ಹಾಗಂತ ಒ ಗುಂಪಿನವರು ಸೊಳ್ಳೆಪರದೆ ಬಿಡಬೇಡಿ.

ನೇಪಾಳದ ತರಾಯಿಯ ಥಾರು ಜನರದ್ದು ನನಗೆ ತುಂಬ ಇಷ್ಟವಾದ ಪ್ರಕರಣ. ಹಿಮಾಲಯದ ಬುಡದ ಆ ಜೌಗು ಕಾಡಿಗೆ ಬೆಟ್ಟದ ಜನ ಕಾಲಿಡಲು ಹೆದರುತ್ತಿದ್ದರು. ರಾತ್ರಿ ತಂಗಿದರೆ ಜ್ವರ, ಜ್ವರ ಬಂದರೆ ಸಾವು. ಥಾರುಗಳು ಮಾತ್ರ ಅಲ್ಲೇ ಉತ್ತು ಬಿತ್ತು ಬದುಕಿದ್ದರು. 1950ರ ನಂತರ ಡಿಡಿಟಿ ಬಂತು, ಬೆಟ್ಟದವರು ಇಳಿದು ಬಂದು ಪಕ್ಕದಲ್ಲೇ ಮನೆ ಕಟ್ಟಿದರು. ಹಾಗಾಗಿ ಹೋಲಿಸಿ ನೋಡಲು ಸಾಧ್ಯವಾಯಿತು. ಒಂದೇ ಜಾಗ, ಒಂದೇ ಸೊಳ್ಳೆ, ಆದರೆ ಥಾರುಗಳಲ್ಲಿ ಮಲೇರಿಯಾ ಸುಮಾರು ಏಳು ಪಟ್ಟು ಕಡಿಮೆ. ರಕ್ತ ನೋಡಿದಾಗ ಆಲ್ಫಾ ಥಲಸೇಮಿಯಾ ಎಂಬ ಬದಲಾವಣೆ ಬಹುಪಾಲು ಜನರಲ್ಲಿ ಇತ್ತು. ಇದು ಸಿಕಲ್‌ನಷ್ಟು ಕ್ರೂರ ಅಲ್ಲ. ಇದರ ಸೌಮ್ಯ ರೂಪ ಇದ್ದವರಿಗೆ ಸ್ವಲ್ಪ ರಕ್ತ ಕಡಿಮೆ ಅನ್ನುವುದು ಬಿಟ್ಟರೆ ಗೊತ್ತೂ ಆಗುವುದಿಲ್ಲ. ಸಾಲವೇ, ಆದರೆ ಬಡ್ಡಿ ಕಡಿಮೆ.

ಹಾಗಾದರೆ ಸಿಕಲ್ ಜೊತೆಗೆ ಆಲ್ಫಾ ಥಲಸೇಮಿಯಾ ಎರಡೂ ಇದ್ದರೆ ರಕ್ಷಣೆ ದುಪ್ಪಟ್ಟಾಗಬೇಕಲ್ವಾ? ಆಗುವುದಿಲ್ಲ. ಕೆನ್ಯಾದ ಕಿಲಿಫಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಒಟ್ಟಿಗೆ ಇದ್ದ ಮಕ್ಕಳಲ್ಲಿ ರಕ್ಷಣೆ ಹೆಚ್ಚುಕಡಿಮೆ ಅಳಿಸಿಯೇ ಹೋಗಿತ್ತು. ಆಲ್ಫಾ ಥಲಸೇಮಿಯಾ ಇದ್ದರೆ ಕಣದೊಳಗೆ ಸಿಕಲ್ ಹಿಮೋಗ್ಲೋಬಿನ್‌ನ ಪಾಲು ಇಳಿಯುತ್ತದೆ, ಇದೇ ಕಾರಣ ಇರಬಹುದು. ಭಾರತದ ಬುಡಕಟ್ಟುಗಳಲ್ಲಿ ಇವೆರಡೂ ಒಟ್ಟಿಗೆ ಇರುವುದು ಸಾಮಾನ್ಯ. ಕಾಯಿಲೆ ಇರುವ ಮಗುವಿಗೆ ಇದರಿಂದ ಲಾಭವೂ ಇದೆ: ಥಲಸೇಮಿಯಾ ಜೊತೆಗಿದ್ದರೆ ಸಿಕಲ್ ಕಾಯಿಲೆಯ ರಕ್ತಹೀನತೆ ಸ್ವಲ್ಪ ಕಡಿಮೆಯಾಗುತ್ತದೆ. ನಮ್ಮ ಕಡೆಯ ಸಿಕಲ್ ಜೀನ್‌ನ ಅಕ್ಕಪಕ್ಕದ ವಂಶಗುರುತೂ ಆಫ್ರಿಕಾದ್ದಕ್ಕಿಂತ ಬೇರೆ. ಅದನ್ನು ಅರಬ್-ಇಂಡಿಯನ್ ಬಗೆ ಎನ್ನುತ್ತಾರೆ. ಇದು ಇರುವವರಲ್ಲಿ ಭ್ರೂಣದ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಉಳಿದುಕೊಂಡು ಕಾಯಿಲೆಯ ಏಟು ತಗ್ಗಿಸುತ್ತದೆ. ಆದರೆ "ಇಂಡಿಯಾದ ಸಿಕಲ್ ಸೌಮ್ಯ" ಅಂತ ಎಲ್ಲರಿಗೂ ಒಂದೇ ಮಾತು ಹೇಳಿ ಕೈತೊಳೆದುಕೊಳ್ಳುವುದು ಅಪಾಯ. ನೋವಿನಿಂದ ಒದ್ದಾಡುವ ಮಕ್ಕಳು ಇಲ್ಲೂ ಇದ್ದಾರೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೆಚ್ಚಾಗಿ ಫಾಲ್ಸಿಪಾರಮ್ ಕಥೆ. ವೈವಾಕ್ಸ್ ಎಂಬ ಇನ್ನೊಂದು ಜಾತಿ ಇದೆ, ಮಂಗಳೂರಿನವರಿಗೆ ಚೆನ್ನಾಗಿ ಪರಿಚಯ. ಕೊಲ್ಲುವುದು ಕಡಿಮೆ, ಕಾಡುವುದು ಜಾಸ್ತಿ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಇದು ಬಹಳ ಕಾಲ ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪವಾಗಿತ್ತು. ಕಾರಣ ಒಂದು ಬಾಗಿಲು. ರಕ್ತಕಣದ ಮೇಲೆ ಡಫಿ ಎಂಬ ಪ್ರೋಟೀನ್ ಇರುತ್ತದೆ. ವೈವಾಕ್ಸ್ ಒಳಗೆ ಬರುವುದು ಅದನ್ನು ಹಿಡಿದುಕೊಂಡೇ. ಆಫ್ರಿಕಾದ ಆ ಭಾಗದಲ್ಲಿ ಹೆಚ್ಚುಕಡಿಮೆ ಎಲ್ಲರ ರಕ್ತಕಣದಲ್ಲೂ ಡಫಿ ಇಲ್ಲ. ಜೀನ್ ಇದೆ, ಆದರೆ ಕೆಂಪು ಕಣದಲ್ಲಿ ಅದನ್ನು ಚಾಲೂ ಮಾಡುವ ಸ್ವಿಚ್ಚಿನ ಒಂದು ಅಕ್ಷರ ಬದಲಾಗಿದೆ. ಬೇರೆ ಅಂಗಾಂಶಗಳಲ್ಲಿ ಅದೇ ಪ್ರೋಟೀನ್ ಮಾಮೂಲಿ ಕೆಲಸ ಮಾಡುತ್ತದೆ. ಎಷ್ಟು ಅಚ್ಚುಕಟ್ಟು ನೋಡಿ! 1976ರಲ್ಲಿ ಲೂಯಿಸ್ ಮಿಲ್ಲರ್ ತಂಡ ಅಮೆರಿಕದಲ್ಲಿ 17 ಸ್ವಯಂಸೇವಕರಿಗೆ ವೈವಾಕ್ಸ್ ಹೊತ್ತ ಸೊಳ್ಳೆ ಕಚ್ಚಿಸಿದ ಪ್ರಯೋಗದ ವರದಿ ಕೊಟ್ಟಿತು. ಡಫಿ ಇಲ್ಲದ ಐವರಿಗೆ ಮಾತ್ರ ಸೋಂಕು ತಗಲಲಿಲ್ಲ.

ಈ ರಕ್ಷಣೆಗೆ ಬಡ್ಡಿಯೂ ಅಷ್ಟಾಗಿ ಇಲ್ಲ. ಡಫಿ ಇಲ್ಲದವರಲ್ಲಿ ಒಂದು ಬಗೆಯ ಬಿಳಿ ರಕ್ತಕಣ ಎಣಿಕೆಯಲ್ಲಿ ಕಡಿಮೆ ಕಾಣುತ್ತದೆ, ಅದರಿಂದ ತೊಂದರೆಯಿಲ್ಲ. ಆದರೆ ಪರಾವಲಂಬಿ ಸುಮ್ನೆ ಕೂತಿಲ್ಲ. ಡಫಿ ಇಲ್ಲದವರಿಗೂ ವೈವಾಕ್ಸ್ ಜ್ವರ ಬಂದಿರುವುದು 2010ರಲ್ಲಿ ಮಡಗಾಸ್ಕರ್‌ನಿಂದ ವರದಿಯಾಯಿತು. ಆಮೇಲೆ ಬೇರೆ ಕಡೆಯಿಂದಲೂ. ಭಾರತೀಯರಿಗೆ ಈ ಚರ್ಚೆ ದೂರದ್ದು. ನಮ್ಮಲ್ಲಿ ಬಹುತೇಕ ಎಲ್ಲರ ಬಾಗಿಲೂ ತೆರೆದೇ ಇದೆ.

ನಮಗೆ ಹತ್ತಿರದ್ದು ಜಿ6ಪಿಡಿ. ಹೆಸರು ಕೇಳಿ ಪುಟ ತಿರುಗಿಸಬೇಡಿ. ಮಲೇರಿಯಾ ಮಾತ್ರೆ ನುಂಗಿದವರಿಗೆ, ನುಂಗಬೇಕಾದವರಿಗೆ ಇದು ಗೊತ್ತಿರಬೇಕು.

ವೈವಾಕ್ಸ್‌ನ ಕೆಟ್ಟ ಬುದ್ಧಿ ಏನೆಂದರೆ ಅದು ಯಕೃತ್ತಿನಲ್ಲಿ ಅಡಗಿ ಮಲಗುತ್ತದೆ. ರಕ್ತದಲ್ಲಿರುವುದನ್ನು ಕ್ಲೋರೋಕ್ವಿನ್ ಕೊಲ್ಲುತ್ತದೆ, ಮೂರು ದಿನದಲ್ಲಿ ಜ್ವರ ಇಳಿಯುತ್ತದೆ. ಮಲಗಿರುವುದು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು ಬರುತ್ತದೆ. ಸೊಳ್ಳೆ ಕಚ್ಚದೆಯೇ ಮತ್ತೆ ಮಲೇರಿಯಾ. ಅದನ್ನು ಕೊಲ್ಲಲು ನಮ್ಮ ದೇಶದ ಪದ್ಧತಿಯಲ್ಲಿ ಪ್ರೈಮಾಕ್ವಿನ್ ಎಂಬ ಮಾತ್ರೆಯನ್ನು 14 ದಿನ ಕೊಡುತ್ತಾರೆ. ಜ್ವರ ಹೋದ ಮೇಲೂ ಹನ್ನೊಂದು ದಿನ ಮಾತ್ರೆ ನುಂಗುವ ಸಂಯಮ ಎಷ್ಟು ಜನಕ್ಕಿರುತ್ತದೆ ಎನ್ನುವುದು ಬೇರೆ ಮಾತು. ಕೆಲವರಲ್ಲಿ ಈ ಮಾತ್ರೆ ರಕ್ತಕಣಗಳನ್ನೇ ಒಡೆಯುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ರಕ್ತ ಒಮ್ಮೆಗೇ ಇಳಿಯುತ್ತದೆ.

ಇದು ಪತ್ತೆಯಾದದ್ದು ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನಲ್ಲಿ. ಎರಡನೇ ಮಹಾಯುದ್ಧದ ಕಾಲದಿಂದ ಅಲ್ಲಿನ ಕೈದಿಗಳ ಮೇಲೆ ಮಲೇರಿಯಾ ಔಷಧಿಗಳ ಪ್ರಯೋಗ ನಡೆಯುತ್ತಿತ್ತು. ಕಪ್ಪು ಕೈದಿಗಳಲ್ಲಿ ಸುಮಾರು ಹತ್ತಕ್ಕೆ ಒಬ್ಬರ ರಕ್ತ ಪ್ರೈಮಾಕ್ವಿನ್‌ಗೆ ಒಡೆಯುತ್ತಿತ್ತು. 1956ರಲ್ಲಿ ಕಾರಣ ಸಿಕ್ಕಿತು. ಅವರ ಕಣಗಳಲ್ಲಿ ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇತ್ತು. ಕಣ ತುಕ್ಕು ಹಿಡಿಯದಂತೆ ಕಾಯುವ ಕಿಣ್ವ ಅದು ಎನ್ನಬಹುದು. ಮೆಡಿಟರೇನಿಯನ್ ಕಡೆ ಫಾವಾ ಎಂಬ ಬೀನ್ಸ್ ತಿಂದು ಕೆಲವರು ಕಾಮಾಲೆ ಬಂದು ಮಲಗುತ್ತಿದ್ದುದಕ್ಕೂ ಇದೇ ಕಾರಣ. ಫಾವಾವನ್ನು ಕೆಲವು ನಿಘಂಟುಗಳು ಅವರೆ ಎಂದು ಬರೆದುಬಿಡುತ್ತವೆ. ನಮ್ಮ ಸೊಗಡಿನ ಅವರೆ ಬೇರೆ ಜಾತಿ, ಬಿಡಿ.

ಪ್ರಪಂಚದಲ್ಲಿ ಸುಮಾರು 40 ಕೋಟಿ ಜನರಲ್ಲಿ ಈ ಕೊರತೆ ಇದೆ. ಭಾರತದಲ್ಲೂ ಇದೆ. ಇಲ್ಲಿ ಸಿಕ್ಕ ಬಗೆಗಳಿಗೆ ಕೇರಳ-ಕಲ್ಯಾಣ್, ಒರಿಸ್ಸಾ ಎಂದು ನಮ್ಮ ಊರುಗಳದ್ದೇ ಹೆಸರು. ಮಲೇರಿಯಾ ಇದ್ದ ಕಡೆಗಳಲ್ಲೇ ಈ ಕೊರತೆಯೂ ಜಾಸ್ತಿ. ಕಿಣ್ವ ಕಡಿಮೆಯಾದ ಕಣದಲ್ಲಿ ಪರಾವಲಂಬಿ ಹಾಯಾಗಿ ಬೆಳೆಯಲಾರದು ಎನ್ನುವುದು ಮೂಲ ತರ್ಕ. ಆದರೆ ಲೆಕ್ಕ ಸಿಕಲ್‌ನಷ್ಟು ಸಲೀಸಾಗಿಲ್ಲ. ಆಫ್ರಿಕಾ, ಏಷ್ಯಾದ ಸಾವಿರಾರು ಮಕ್ಕಳ ದೊಡ್ಡ ಅಧ್ಯಯನದಲ್ಲಿ ಕೊರತೆ ಹೆಚ್ಚಾದಂತೆ ಮಿದುಳಿನ ಮಲೇರಿಯಾ ಕಡಿಮೆಯಾಗಿತ್ತು, ಮಲೇರಿಯಾದಿಂದ ಬರುವ ತೀವ್ರ ರಕ್ತಹೀನತೆ ಮಾತ್ರ ಹೆಚ್ಚಾಗಿತ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ ಹಾಗೆ.

ಈ ಜೀನ್ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಗಂಡಸರಿಗೆ ಒಂದೇ ಎಕ್ಸ್. ಹಾಗಾಗಿ ಅವರಿಗೆ ಕೊರತೆ ಇದೆ ಅಥವಾ ಇಲ್ಲ. ಹೆಂಗಸರಿಗೆ ಎರಡು. ಒಂದರಲ್ಲಿ ಮಾತ್ರ ಕೊರತೆ ಇದ್ದರೆ ಅವರ ರಕ್ತದಲ್ಲಿ ಕೆಲವು ಕಣ ಸರಿ, ಕೆಲವು ಸರಿಯಿಲ್ಲ. ಸಾಮಾನ್ಯ ಕಡ್ಡಿ ಪರೀಕ್ಷೆ ಇಂಥ ಹೆಂಗಸರನ್ನು 'ಸರಿಯಿದೆ' ಎಂದು ದಾಟಿಸಿಬಿಡಬಹುದು. ಟಾಫೆನೊಕ್ವಿನ್ ಎಂಬ ಹೊಸ ಮಾತ್ರೆಗೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. 14 ದಿನದ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಆದರೆ ಅದು ದೇಹದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಪ್ರೈಮಾಕ್ವಿನ್‌ನಲ್ಲಿ ಮೂತ್ರ ಕಪ್ಪಾದರೆ ಮರುದಿನದ ಮಾತ್ರೆ ನಿಲ್ಲಿಸಬಹುದು, ಇದರಲ್ಲಿ ನಿಲ್ಲಿಸಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಕಿಣ್ವವನ್ನು ಅಳತೆ ಮಾಡದೆ ಕೊಡುವಂತಿಲ್ಲ. ಭಾರತ 2030ರೊಳಗೆ ಮಲೇರಿಯಾ ನಿರ್ಮೂಲನೆ ಮಾಡುವ ಗುರಿ ಇಟ್ಟುಕೊಂಡಿದೆ. ಸರ್ಕಾರದ ಲೆಕ್ಕದಲ್ಲಿ 2015ರಲ್ಲಿ 11.69 ಲಕ್ಷ ಇದ್ದ ಪ್ರಕರಣ 2023ಕ್ಕೆ 2.27 ಲಕ್ಷಕ್ಕೆ ಇಳಿದಿದೆ. ಕೊನೆಗೆ ಉಳಿಯುವುದು ಯಕೃತ್ತಿನಲ್ಲಿ ಮಲಗಿರುವ ವೈವಾಕ್ಸ್. ಅದನ್ನು ಎಬ್ಬಿಸದೆ ಕೊಲ್ಲಬೇಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಜಿ6ಪಿಡಿ ಅಳೆಯುವ ಯಂತ್ರ ಬೇಕು. ನನ್ನ ಮಟ್ಟಿಗೆ ಇದು ಸೊಳ್ಳೆ ಹೊಗೆ ಹಾಕುವುದಕ್ಕಿಂತ ತುರ್ತಿನ ಖರ್ಚು.

ಇಷ್ಟೆಲ್ಲ ಓದಿದ ಮೇಲೆ "ಕಾಡಿನ ಜನಕ್ಕೆ ಮಲೇರಿಯಾ ಬರಲ್ಲ ಬಿಡಿ" ಎನ್ನುವ ಹಳೇ ಮಾತು ಸರಿ ಅನಿಸಬಹುದು. ಸರಿಯಲ್ಲ. ಕಿಲಿಫಿಯಲ್ಲೇ ನಡೆದ ಇನ್ನೊಂದು ಅಧ್ಯಯನ ಲೆಕ್ಕ ಹಾಕಿದಂತೆ, ಮಗುವಿನಿಂದ ಮಗುವಿಗೆ ಮಲೇರಿಯಾ ಎಷ್ಟು ಸಲ ಬರುತ್ತದೆ ಎನ್ನುವ ವ್ಯತ್ಯಾಸದಲ್ಲಿ ಸುಮಾರು ಕಾಲುಭಾಗ ಮಾತ್ರ ಜೀನ್‌ಗಳ ಪಾಲು. ಇಷ್ಟು ಹೆಸರುವಾಸಿಯಾದ ಸಿಕಲ್‌ನ ಪಾಲು ಒಟ್ಟು ವ್ಯತ್ಯಾಸದಲ್ಲಿ ಬರೀ ಶೇ 2ರಷ್ಟು. ಉಳಿದದ್ದರಲ್ಲಿ ಮನೆ ಎಲ್ಲಿದೆ, ನೀರು ಎಲ್ಲಿ ನಿಲ್ಲುತ್ತದೆ, ಪರದೆ ಇದೆಯಾ ಎನ್ನುವಂಥವೂ ಸೇರಿವೆ. ಇನ್ನು ಮತ್ತೆ ಮತ್ತೆ ಜ್ವರ ಬಂದು ಬದುಕಿ ಉಳಿದವರಲ್ಲಿ ಬೆಳೆಯುವ ರೋಗನಿರೋಧಕ ಶಕ್ತಿ ಬೇರೆಯೇ. ಅದು ಜೀನ್‌ನಿಂದ ಬಂದದ್ದಲ್ಲ, ಮಕ್ಕಳಿಗೆ ಆಸ್ತಿಯಂತೆ ಇಳಿಯುವುದೂ ಇಲ್ಲ.

ಎರಡೂ ಸಿಕಲ್ ಪ್ರತಿ ಇರುವ ಮಗುವಿಗಂತೂ ಮಲೇರಿಯಾ ಯಮದೂತ. ಅದಾಗಲೇ ರಕ್ತ ಕಡಿಮೆ, ಗುಲ್ಮ ಹಾಳಾಗಿರುತ್ತದೆ. "ಸಿಕಲ್ ಇದ್ದವರಿಗೆ ಮಲೇರಿಯಾ ಬರಲ್ಲವಂತೆ" ಎಂಬ ತಪ್ಪು ತಿಳಿವಳಿಕೆ ವಿದ್ಯಾವಂತರ ಬಾಯಲ್ಲೂ ಕೇಳಿದ್ದೇನೆ. ಸಾಲ ತೀರಿಸುತ್ತಿರುವವನನ್ನೇ ಸಾಲದ ಲಾಭ ಪಡೆದವನು ಅಂದುಕೊಂಡ ಹಾಗೆ.

ಇನ್ನು ವಾಹಕರ ರಕ್ಷಣೆಯೂ ಶಾಶ್ವತ ಅಲ್ಲ ಎನ್ನುವ ಸುದ್ದಿ 2021ರ ಡಿಸೆಂಬರ್‌ನಲ್ಲಿ ಬಂತು. ಗ್ಯಾಂಬಿಯಾ ಮತ್ತು ಕೆನ್ಯಾದ ತೀವ್ರ ಮಲೇರಿಯಾ ಮಕ್ಕಳಲ್ಲಿ ಮಗುವಿನ ಜೀನ್ ಮತ್ತು ಅದೇ ಮಗುವಿನೊಳಗಿದ್ದ ಪರಾವಲಂಬಿಯ ಜೀನ್ ಎರಡನ್ನೂ ಒಟ್ಟಿಗೆ ಓದಿ ನೋಡಿದರು. ಪರಾವಲಂಬಿಯ ಜೀನೋಮಿನ ಮೂರು ಜಾಗಗಳಲ್ಲಿ ಒಂದು ಬಗೆಯ ಬದಲಾವಣೆ ಇದ್ದರೆ ಅದು ಸಿಕಲ್ ವಾಹಕರಲ್ಲೂ ರೋಗ ತರಬಲ್ಲದು. ಸಾವಿರಾರು ವರ್ಷ ಕಟ್ಟಿದ ಕೋಟೆಗೆ ಆ ಕಡೆಯವರೂ ಏಣಿ ಮಾಡಿಕೊಂಡಿದ್ದಾರೆ.

ನಮ್ಮ ಕಾಡಂಚಿಗೆ ವಾಪಸ್ ಬರೋಣ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತದಲ್ಲಿ ವರ್ಷಕ್ಕೆ 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು ಎಂದು ಅಂದಾಜಿತ್ತು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಬಂತು, ಡಿಡಿಟಿ ಬಂತು. ಮಲೆನಾಡಿನ ಹಳಬರು ಈಗಲೂ ಆ ಡಿಡಿಟಿ ವಾಸನೆ ನೆನಪು ಮಾಡಿಕೊಳ್ಳುತ್ತಾರೆ. ಮಲೆನಾಡಿನ ಎಲ್ಲ ಜಾತಿಯವರೂ ಚಳಿಜ್ವರದಲ್ಲಿ ಸತ್ತಿದ್ದಾರೆ, ಅಲ್ಲಿ ಸಿಕಲ್ ಯಾಕೆ ಹರಡಲಿಲ್ಲ ಎಂದು ಕೇಳಬಹುದು. ಜೀನ್ ಮೊದಲು ಗುಂಪಿನೊಳಗೆ ಇರಬೇಕಲ್ಲ. ಸೊಳ್ಳೆ ಜಾತಿ ನೋಡದೆ ಕಚ್ಚುತ್ತದೆ, ಮದುವೆ ಜಾತಿ ನೋಡದೆ ಆಗುವುದಿಲ್ಲ. ಜ್ವರ ಬೇಲಿ ದಾಟಿತು, ಅದಕ್ಕೆ ಮದ್ದಾಗಿದ್ದ ಜೀನ್ ದಾಟಲಿಲ್ಲ.

ಈಗ ಆ ಕಾಡುಗಳಲ್ಲಿ ಮಲೇರಿಯಾ ಬಹಳ ಕಡಿಮೆಯಾಗಿದೆ. ಅಂದರೆ ವಾಹಕರಾಗಿರುವುದರಿಂದ ಇದ್ದ ಲಾಭ ಹೋಯಿತು. ಉಳಿದದ್ದು ನಷ್ಟ ಮಾತ್ರ. ಇದಕ್ಕೆ ಸರ್ಕಾರ ಹಿಡಿದಿರುವ ದಾರಿ ತಪಾಸಣೆ ಮತ್ತು ಕಾರ್ಡು. ವಾಹಕರು ಯಾರು, ಕಾಯಿಲೆ ಯಾರಿಗೆ ಎಂದು ಕಾರ್ಡಿನಲ್ಲಿ ಇರುತ್ತದೆ. ಮದುವೆಗೆ ಮೊದಲು ಹುಡುಗ ಹುಡುಗಿ ಕಾರ್ಡು ಹೋಲಿಸಿ ನೋಡಲಿ ಎನ್ನುವ ಯೋಚನೆ, ಜಾತಕದ ಬದಲು ರಕ್ತದ ಜಾತಕ. ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಕೇಳಲು ಸರಳ. ಆದರೆ ಕೆಲವೇ ಸಾವಿರ ಜನರಿರುವ, ತಮ್ಮ ಕುಲದ ನಿಯಮದೊಳಗೇ ಸಂಬಂಧ ಹುಡುಕಬೇಕಾದ ಸಮುದಾಯದಲ್ಲಿ ಕಾರ್ಡು ನೋಡಿ ಬೇಡ ಅನ್ನುತ್ತಾ ಹೋದರೆ ಉಳಿಯುವ ಆಯ್ಕೆ ಎಷ್ಟು? ಕಾರ್ಡು ಹುಡುಗನ ಕೈಯಲ್ಲಿದ್ದಾಗ ಒಂದು ಬೆಲೆ, ಹುಡುಗಿಯ ಕೈಯಲ್ಲಿದ್ದಾಗ ಇನ್ನೊಂದು ಬೆಲೆ ಆಗುವುದಿಲ್ಲವೇ? ವಾಹಕ ಎಂದರೆ ರೋಗಿ ಅಲ್ಲ ಎಂಬ ಒಂದು ಮಾತನ್ನು ಕಾರ್ಡು ಕೊಡುವಾಗ ಬಾಯಿಬಿಟ್ಟು, ಅವರ ಭಾಷೆಯಲ್ಲಿ ಹೇಳದಿದ್ದರೆ ಆ ಕಾರ್ಡಿನಿಂದ ಕೆಡುಕೇ ಜಾಸ್ತಿ. ಇನ್ನು ಕಾಯಿಲೆ ಇರುವವರಿಗೆ ಬೇಕಾದದ್ದು ಕಾರ್ಡಲ್ಲ, ಹೈಡ್ರಾಕ್ಸಿಯೂರಿಯಾ ಮಾತ್ರೆ. ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿಸಿ ನೋವಿನ ದಾಳಿ ಕಡಿಮೆ ಮಾಡುವ ಹಳೇ, ಅಗ್ಗದ ಔಷಧಿ. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿದ ಕ್ರಿಸ್ಪರ್ ಚಿಕಿತ್ಸೆ ಕ್ಯಾಸ್ಗೆವಿ ಮಾಡುವುದೂ ಅದನ್ನೇ, ಜೀನ್‌ಗೆ ಕತ್ತರಿ ಹಾಕಿ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಹಾಡಿಯ ಹತ್ತಿರದ ಆಸ್ಪತ್ರೆಯಲ್ಲಿ ಹೈಡ್ರಾಕ್ಸಿಯೂರಿಯಾ ತಿಂಗಳು ತಪ್ಪದೆ ಸಿಕ್ಕರೆ ಸಾಕು, ಎಷ್ಟೋ ಮಕ್ಕಳು ಶಾಲೆ ಬಿಡುವುದು ತಪ್ಪುತ್ತದೆ.

'ನಿರ್ಮೂಲನೆ' ಎಂಬ ಪದದ ಬಗ್ಗೆ ಒಂದು ಕೊನೆಯ ಲೆಕ್ಕ. ಮೊದಲಿನ ಅದೇ ಊರು, ಅದೇ 1000 ಮಕ್ಕಳು. ಮಲೇರಿಯಾ ಪೂರ್ತಿ ಹೋಗಿದೆ ಅಂದುಕೊಳ್ಳಿ. ಚಿಕಿತ್ಸೆಯೂ ಇಲ್ಲ ಅಂದುಕೊಳ್ಳಿ. ಆ 10 ಮಕ್ಕಳು ಮಾತ್ರ ಸಾಯುತ್ತಾರೆ. ಉಳಿದ 990 ಮಕ್ಕಳಲ್ಲಿ 1980 ಪ್ರತಿ, ಸಿಕಲ್ 180. ಶೇ 10 ಇದ್ದದ್ದು ಶೇ 9.1ಕ್ಕೆ ಇಳಿಯಿತು. ಹೀಗೇ ಹೋದರೆ ಶೇ 5ಕ್ಕೆ, ಅಂದರೆ ಅರ್ಧಕ್ಕೆ ಇಳಿಯಲು ಹತ್ತು ತಲೆಮಾರು, ಸುಮಾರು 250 ವರ್ಷ. ಆ 10 ಮಕ್ಕಳಿಗೆ ಚಿಕಿತ್ಸೆ ಸಿಕ್ಕು, ಅವರೂ ಬೆಳೆದು ಮದುವೆಯಾಗಿ ಮಕ್ಕಳನ್ನು ಹೆತ್ತರೆ (ಹಾಗೇ ಆಗಲಿ) ಇನ್ನೂ ನಿಧಾನ. ಮಿಷನ್‌ನ ಗುರಿ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕಾಯಿಲೆಯನ್ನು ಕೊನೆಗಾಣಿಸುವುದು, ಜೀನನ್ನು ಅಳಿಸುವುದಲ್ಲ. 2047ಕ್ಕೆ ಇನ್ನು ಉಳಿದಿರುವುದು ಒಂದು ತಲೆಮಾರಿಗೂ ಕಡಿಮೆ. ಈ ವರ್ಷ ಪೋಡಿನಲ್ಲಿ ಬೆರಳು ಚುಚ್ಚಿಸಿಕೊಂಡು ಅಳುವ ಕೂಸಿಗೆ ಆಗ ಮದುವೆ ವಯಸ್ಸು.